ಸಾರಜನಕವನ್ನು ಸೇರಿಸುವುದು: ಒಂದು ಪದದ ಚರಿತ್ರೆ ಮತ್ತು ಅದರ ಹೊಣೆ

ಗುಬ್ಬಿ ತಾಲ್ಲೂಕಿನ ಕಡಬದ ಹೆಸರು ಕರ್ನಾಟಕದ ಚರಿತ್ರೆಯನ್ನು ಅಭ್ಯಾಸ ಮಾಡಿದವರಿಗೆ ಅಪರಿಚಿತವಲ್ಲ. ಶಕವರ್ಷ 735ರ, ಎಂದರೆ ಕ್ರಿ.ಶ. 812–13ರ ತಾಮ್ರಪಟಗಳು ಅಲ್ಲಿ ದೊರೆತು, ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಕುನುಂಗಿಲ್ ನಾಡನ್ನು ಆಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯು ನಿವಾರಣೆಯಾದ ಸಂದರ್ಭದಲ್ಲಿ, ಚಾಕಿರಾಜನ ಬಿನ್ನಹದ ಮೇರೆಗೆ, ರಾಷ್ಟ್ರಕೂಟ ಚಕ್ರವರ್ತಿ ಪ್ರಭೂತವರ್ಷ ಗೋವಿಂದನು ಮಾನ್ಯಪುರದ ಜಿನಾಲಯಕ್ಕಾಗಿ ಅರ್ಕಕೀರ್ತಿ ಮುನಿಗಳಿಗೆ ಜಾಲಮಂಗಲವೆಂಬ ಗ್ರಾಮವನ್ನು ದಾನವಾಗಿ ಕೊಟ್ಟನೆಂದು ಆ ಶಾಸನವು ತಿಳಿಸುತ್ತದೆ. ಕುನುಂಗಿಲ್ ಎಂದರೆ ಇಂದಿನ ಕುಣಿಗಲ್. ಮಾನ್ಯಪುರವೆಂದರೆ ನೆಲಮಂಗಲ ತಾಲ್ಲೂಕಿನ ಮಣ್ಣೆ.

ಅಂದು ದಾನವಾಗಿ ಸಂದದ್ದು ಒಂದು ಗ್ರಾಮ. ಗ್ರಾಮದ ದಾನವೆಂದರೆ ಅದರ ಹೊಲಗದ್ದೆಗಳ ಆದಾಯದ ದಾನ, ಆದಾಯವೆಂದರೆ ಬೆಳೆ. ಶಾಸನದ ಅಕ್ಷರಗಳನ್ನು ತಾಮ್ರವು ಸಾವಿರದ ಇನ್ನೂರು ವರ್ಷ ಕಾಪಾಡಿತು. ಆದರೆ ದಾನವು ಫಲಿಸಬೇಕಾದರೆ ಪ್ರತಿವರ್ಷವೂ ಬೆಳೆಯೊಡನೆ ಹೊರಟುಹೋಗುವ ಭೂಮಿಯ ಸಾರವು ಮರಳಿ ಭೂಮಿಗೆ ಸೇರಬೇಕಾಗಿತ್ತು. ಆ ಸಾರದ ಬಹುಮುಖ್ಯ ಅಂಶಕ್ಕೆ ನಮ್ಮ ಭಾಷೆಯ ರಸಾಯನಶಾಸ್ತ್ರವು ಕೊಟ್ಟಿರುವ ಹೆಸರು ಸಾರಜನಕ. ಅದನ್ನು ಮತ್ತೊಂದು ವಸ್ತುವಿನೊಡನೆ ಕೂಡಿಸುವ ಕ್ರಿಯೆಗೆ ನೈಟ್ರೋಜನೀಕರಣ ಅಥವಾ ಸಾರಜನಕೀಕರಣವೆಂದು ಹೆಸರು. ಈ ಪದದ ಅರ್ಥವೇನು, ಅದು ಯಾವ ಯಾವ ಸಂದರ್ಭಗಳಲ್ಲಿ ಬಳಕೆಯಾಗಿದೆ, ಮತ್ತು ಆ ಬಳಕೆಯಲ್ಲಿ ಅಡಗಿರುವ ಹೊಣೆ ಎಂಥದು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರುಗಳ ಹುಟ್ಟು

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಎಡಿನ್‌ಬರೋದ ಡೇನಿಯಲ್ ರುದರ್‌ಫರ್ಡ್ 1772ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದನು. ಉಸಿರಾಟಕ್ಕೂ ಉರಿಗೂ ಬೇಕಾದ ಭಾಗವನ್ನು ಗಾಳಿಯಿಂದ ಕಳೆದಾಗ ಉಳಿಯುವ ಈ ಅನಿಲದಲ್ಲಿ ಪ್ರಾಣಿ ಬದುಕಲಿಲ್ಲ, ದೀಪ ಉರಿಯಲಿಲ್ಲ. ಆದುದರಿಂದ ಅವನು ಇದನ್ನು ಕೆಟ್ಟ ಗಾಳಿಯೆಂದೇ ಕರೆದನು. 1787ರಲ್ಲಿ ಫ್ರಾನ್ಸಿನ ಲವಾಸಿಯೇ ಮತ್ತು ಅವನ ಸಂಗಡಿಗರು ರಸಾಯನಶಾಸ್ತ್ರದ ಪರಿಭಾಷೆಯನ್ನು ಹೊಸದಾಗಿ ರೂಪಿಸಿದಾಗ ಇದಕ್ಕೆ ‘ಅಜೋಟ್’ ಎಂದು ಹೆಸರಿಟ್ಟರು; ಗ್ರೀಕ್ ಮೂಲದ ಆ ಮಾತಿಗೆ ಜೀವವಿಲ್ಲದ್ದು ಎಂಬ ಅರ್ಥ. ಜರ್ಮನರು ಇದನ್ನು ಉಸಿರುಕಟ್ಟಿಸುವ ವಸ್ತು ಎಂಬ ಅರ್ಥದ ಪದದಿಂದ ಕರೆದರು. 1790ರಲ್ಲಿ ಶಾಪ್ತಾಲ್ ಎಂಬ ಫ್ರೆಂಚ್ ವಿದ್ವಾಂಸನು ಬೇರೊಂದು ಗುಣವನ್ನು ಹಿಡಿದು ‘ನೈಟ್ರೋಜನ್’ ಎಂಬ ಹೆಸರನ್ನು ಸೂಚಿಸಿದನು. ನೈಟರ್ ಎಂದರೆ ಪೆಟ್ಲುಪ್ಪು. ಅದನ್ನು ಹುಟ್ಟಿಸುವುದು ನೈಟ್ರೋಜನ್.

ತೆಲುಗರ ‘ನತ್ರಜನಿ’ಯು ಶಾಪ್ತಾಲನ ಹೆಸರಿನ ಜಾಡಿನಲ್ಲಿದೆ. ಕನ್ನಡವು ಹಾಗೆ ಮಾಡಲಿಲ್ಲ. ಆಮ್ಲಜನಕ, ಜಲಜನಕ ಎಂಬ ಪದಗಳು ಯುರೋಪಿನ ಹೆಸರುಗಳ ಅರ್ಥಾನುವಾದಗಳು. ಅದೇ ನಿಯಮವನ್ನು ಅನುಸರಿಸಿದ್ದರೆ ನಮಗೆ ಪೆಟ್ಲುಪ್ಪುಜನಕವೆಂಬಂಥ ಪದವೇ ದೊರೆಯಬೇಕಾಗಿತ್ತು. ಬದಲಾಗಿ ನಮಗೆ ದೊರೆತದ್ದು ಸಾರಜನಕ, ಎಂದರೆ ಸಾರವನ್ನು ಹುಟ್ಟಿಸುವುದು. ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಸತ್ತ ಪ್ರಾಣಿಯನ್ನು ಕಂಡವರು ಅದನ್ನು ನಿರ್ಜೀವವೆಂದರು. ಈ ಕನ್ನಡ ಪದವನ್ನು ಕೇಳಿದವರ ಕಣ್ಣಮುಂದೆ ಬರುವುದು ಹೊಲ.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯಬಹುದೆಂಬ ವಿಶ್ವಾಸವನ್ನು ಬೆಳೆಸಿದವರಲ್ಲಿ ತುಮಕೂರು ಸೀಮೆಯ ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರು ಸ್ಮರಣೀಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ಅವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದೇ ಮಹನೀಯರು ಕನ್ನಡ ಸಾಹಿತ್ಯ ಪರಿಷತ್ತಿಗಾಗಿ 1931ರಲ್ಲಿ ಪಂಪನ ಭಾರತವನ್ನು ಸಂಪಾದಿಸಿಕೊಟ್ಟರೆಂಬುದನ್ನು ಇಲ್ಲಿ ನೆನೆಯಬೇಕು. ಹಳಗನ್ನಡದ ಒಂದೊಂದು ಪದದ ಪಾಠವನ್ನು ತೂಗಿ ನೋಡಿದ ಕೈಯೇ ರಸಾಯನ ಭೌತಗಳ ಹೊಸ ವಿಷಯಗಳಿಗೆ ಕನ್ನಡದ ದಾರಿಯನ್ನು ತೆರೆಯುತ್ತಿತ್ತು. ಪರಿಭಾಷೆಯ ವಿಷಯದಲ್ಲಿ ನಮಗೂ ಅಂಥ ಎಚ್ಚರಿಕೆ ಇರಬೇಕು.

‘ಈಕರಣ’ದ ತೊಡಕು

ಸಂಸ್ಕೃತ ವ್ಯಾಕರಣದ ಪ್ರಕಾರ ‘ಈಕರಣ’ವೆಂಬ ರಚನೆಗೆ ನಿಯತವಾದ ಅರ್ಥವಿದೆ. ಮೊದಲು ಹಾಗೆ ಇಲ್ಲದ ವಸ್ತುವನ್ನು ಹಾಗೆ ಮಾಡುವುದೇ ಆ ಅರ್ಥ. ಶುದ್ಧವಲ್ಲದ್ದನ್ನು ಶುದ್ಧ ಮಾಡಿದರೆ ಶುದ್ಧೀಕರಣ. ಸ್ಥಿರವಲ್ಲದ್ದನ್ನು ಸ್ಥಿರ ಮಾಡಿದರೆ ಸ್ಥಿರೀಕರಣ. ಈ ನಿಯಮದಂತೆ ಸಾರಜನಕೀಕರಣವೆಂದರೆ ಸಾರಜನಕವಲ್ಲದ ವಸ್ತುವನ್ನು ಸಾರಜನಕವನ್ನಾಗಿ ಮಾಡುವುದು ಎಂದಾಗುತ್ತದೆ. ರಸಾಯನಶಾಸ್ತ್ರಜ್ಞರ ಅಭಿಪ್ರಾಯ ಅದಲ್ಲ. ಸಾರಜನಕವನ್ನು ಅಥವಾ ಅದರ ಸಂಯುಕ್ತವನ್ನು ಬೇರೊಂದರಲ್ಲಿ ಕೂಡಿಸುವುದೆಂದೇ ಅವರ ಅಭಿಪ್ರಾಯ. ಎಣ್ಣೆಗೆ ಜಲಜನಕವನ್ನು ಕೂಡಿಸಿ ವನಸ್ಪತಿ ತುಪ್ಪವನ್ನು ಮಾಡುವ ಕ್ರಿಯೆಗೆ ಹೈಡ್ರೋಜನೀಕರಣವೆಂಬ ಹೆಸರು ಈಗಾಗಲೇ ರೂಢವಾಗಿರುವುದರಿಂದ ಈ ಪದವನ್ನೂ ರೂಢಿಯ ಬಲದಿಂದ ಒಪ್ಪಿಕೊಳ್ಳಬಹುದು.

ಆದರೆ ವ್ಯಾಕರಣದ ತೊಡಕಿಗಿಂತ ದೊಡ್ಡದಾದ ತೊಡಕು ಇನ್ನೊಂದಿದೆ. ಈ ಒಂದೇ ಪದದ ಮರೆಯಲ್ಲಿ ಪರಸ್ಪರ ಭಿನ್ನವಾದ ಹಲವು ಕ್ರಿಯೆಗಳು ಸೇರಿಕೊಂಡಿವೆ. ಗಾಳಿಯ ಸಾರಜನಕವನ್ನು ಹಿಡಿದು ಅಮೋನಿಯಾದಂಥ ಸಂಯುಕ್ತವಾಗಿ ಕಟ್ಟುವುದು ಸ್ಥಿರೀಕರಣ. ಮಣ್ಣಿನಲ್ಲಿರುವ ಅಮೋನಿಯಾವನ್ನು ಸೂಕ್ಷ್ಮಜೀವಿಗಳು ನೈಟ್ರೇಟಾಗಿ ಮಾರ್ಪಡಿಸುವುದು ನೈಟ್ರೀಕರಣ. ಹತ್ತಿ, ಗ್ಲಿಸರಿನ್ ಮುಂತಾದವನ್ನು ನೈಟ್ರಿಕ್ ಆಮ್ಲದೊಡನೆ ವರ್ತಿಸುವಂತೆ ಮಾಡಿ ಸಿಡಿಯುವ ಪದಾರ್ಥಗಳನ್ನು ಪಡೆಯುವುದು ನೈಟ್ರೇಷನ್. ಅಮೋನಿಯಾ ಅನಿಲದಲ್ಲಿ ಉಕ್ಕನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರ ಮೇಲ್ಮೈಯನ್ನು ಗಡುಸಾಗಿಸುವುದು ನೈಟ್ರೈಡಿಂಗ್. ತಿಂಡಿಯ ಪೊಟ್ಟಣಕ್ಕೂ ವಾಹನದ ಟೈರಿಗೂ ಸಾರಜನಕವನ್ನು ತುಂಬುವುದು ಇವುಗಳಲ್ಲಿ ಯಾವುದೂ ಅಲ್ಲ. ಅಲ್ಲಿ ಅದು ಯಾವುದರೊಡನೆಯೂ ಕೂಡುವುದಿಲ್ಲ. ಕೂಡದೆ ಸುಮ್ಮನಿರುವ ಗುಣಕ್ಕಾಗಿಯೇ ಅದನ್ನು ತುಂಬುತ್ತಾರೆ. ಲವಾಸಿಯೇ ಕೊಟ್ಟ ನಿರ್ಜೀವವೆಂಬ ಹೆಸರು ಅಲ್ಲಿ ಮಾತ್ರ ಸರಿಯಾಗಿ ಒಪ್ಪುತ್ತದೆ.

ಸೇರಿಸುವುದು ಎಂಬ ಮಾತು ಎಲ್ಲಕ್ಕೂ ಸಮಾನ. ಯಾವುದಕ್ಕೆ ಸೇರಿಸಿದೆವು, ಎಷ್ಟು ಸೇರಿಸಿದೆವು, ಏಕೆ ಸೇರಿಸಿದೆವು ಎಂಬುದನ್ನು ಪದವು ತಾನಾಗಿ ಹೇಳುವುದಿಲ್ಲ.

ಮಣ್ಣಿನಲ್ಲಿ ಸೇರಿದ ಸಾರ

ಶಿಂಷಾ ನದಿಗೆ ಕಟ್ಟೆ ಹಾಕಿ ನಿರ್ಮಿಸಿದ ಕಡಬದ ಕೆರೆ ತುಮಕೂರು ಜಿಲ್ಲೆಯ ದೊಡ್ಡ ಕೆರೆಗಳಲ್ಲಿ ಒಂದು. ಕೆರೆಯ ಕೆಳಗೆ ಗದ್ದೆ ಮತ್ತು ತೋಟ, ಮೇಲೆ ರಾಗಿಯ ಹೊಲ, ಇದು ಈ ಸೀಮೆಯ ಹಳೆಯ ಬೇಸಾಯದ ರೂಪ. ಇಲ್ಲಿನ ಒಕ್ಕಲಿಗರು ಸಾರಜನಕವೆಂಬ ಪದವನ್ನು ಕೇಳುವ ಎಷ್ಟೋ ಶತಮಾನಗಳ ಮೊದಲೇ ಅದನ್ನು ಮಣ್ಣಿಗೆ ಸೇರಿಸುವ ಕ್ರಮವನ್ನು ಬಲ್ಲವರಾಗಿದ್ದರು. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುವುದು, ಗದ್ದೆಗೆ ಹೊಂಗೆಯ ಸೊಪ್ಪನ್ನು ತುಳಿಯುವುದು, ಹೊಂಗೆಯ ಹಿಂಡಿಯನ್ನು ತೋಟಕ್ಕೆ ಹಾಕುವುದು, ಸಗಣಿ ಗಂಜಲಗಳು ಕಳಿತ ತಿಪ್ಪೆಗೊಬ್ಬರವನ್ನು ಹರಡುವುದು, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ತೊಗರಿಗಳನ್ನು ಬಿತ್ತುವುದು, ಇವೆಲ್ಲವೂ ರಸಾಯನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಸಾರಜನಕವನ್ನು ಸೇರಿಸುವ ಕ್ರಿಯೆಗಳೇ.

ಅವರೆಯ ಬೇರಿನಲ್ಲಿ ಕಾಣುವ ಗಂಟುಗಳ ರಹಸ್ಯವು ಬಯಲಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ 1886ರಿಂದ 1888ರವರೆಗೆ ಪ್ರಕಟಿಸಿದ ಪ್ರಯೋಗಗಳಿಂದ, ದ್ವಿದಳ ಸಸ್ಯಗಳು ಬೇರುಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಪಡೆಯುತ್ತವೆಂದು ಸ್ಥಿರಪಟ್ಟಿತು. ಗಂಟಿನಲ್ಲಿ ವಾಸಿಸುವ ಸೂಕ್ಷ್ಮಜೀವಿಯನ್ನು ಹಾಲೆಂಡಿನ ಬೈಯರಿಂಕ್ 1888ರಲ್ಲಿ ಬೇರ್ಪಡಿಸಿದನು. ಅದಕ್ಕೂ ಮೊದಲೇ, 1877ರಲ್ಲಿ, ಮಣ್ಣಿನ ನೈಟ್ರೀಕರಣವು ಜೀವಿಗಳ ಕೆಲಸವೆಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ತೋರಿಸಿಕೊಟ್ಟಿದ್ದರು. ಒಂದು ಹಿಡಿ ಮಣ್ಣು ಬರಿಯ ಜಡವಸ್ತುವಲ್ಲ, ಎಣಿಸಲಾಗದ ಜೀವಿಗಳ ನೆಲೆ ಎಂಬ ಮಾತು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ತೋರಲಾರದು. ಹೊಸದೇನೆಂದರೆ, ನಮ್ಮ ಅನ್ನವು ಆ ಕಾಣದ ಜೀವಿಗಳ ದುಡಿಮೆಯನ್ನು ಆಶ್ರಯಿಸಿದೆ ಎಂಬುದಕ್ಕೆ ದೊರೆತ ಪ್ರಯೋಗಸಿದ್ಧವಾದ ಪ್ರಮಾಣ.

ಈ ಶೋಧಗಳು ಮೈಸೂರು ಸಂಸ್ಥಾನವನ್ನು ತಲುಪಲು ಬಹಳ ಕಾಲ ಹಿಡಿಯಲಿಲ್ಲ. ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು ಜರ್ಮನಿಯ ಗಟ್ಟಿಂಗನ್‌ನಲ್ಲಿ ಸಂಶೋಧನೆ ನಡೆಸಿದ ವಿಷಯವೇ ಮಣ್ಣಿನ ನೈಟ್ರೀಕರಣ. ಆ ಕುರಿತ ಅವರ ಪ್ರಬಂಧವು 1908ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಮೈಸೂರು ಸರ್ಕಾರದ ಸೇವೆಗೆ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, ಹೆಬ್ಬಾಳದ ಕೃಷಿ ಶಾಲೆಯ ಸ್ಥಾಪನೆಯಲ್ಲಿ ಮುಖ್ಯಪಾತ್ರ ವಹಿಸಿದರು. ಅಡಕೆಯ ಕೊಳೆರೋಗಕ್ಕೆ ಅವರು ತೋರಿಸಿಕೊಟ್ಟ ಬೋರ್ಡೋ ದ್ರಾವಣದ ಉಪಾಯವನ್ನು ತೋಟದವರು ಇಂದಿಗೂ ಅನುಸರಿಸುತ್ತಿದ್ದಾರೆ.

ಬೆಂಕಿಯ ದಾರಿ

ಸಾರಜನಕದ ಚರಿತ್ರೆಗೆ ಇನ್ನೊಂದು ಮುಖವೂ ಇದೆ. ದನಗಳ ಗಂಜಲ ಇಂಗಿದ ಹಟ್ಟಿಯ ಮಣ್ಣಿನಲ್ಲಿ, ಹಳೆಯ ಊರುಗಳ ಗೋಡೆಯ ಬುಡದಲ್ಲಿ ನೈಟ್ರೀಕರಣದ ಫಲವಾಗಿ ಉಪ್ಪಿನಂತೆ ಅರಳುವ ಪದಾರ್ಥವೇ ಪೆಟ್ಲುಪ್ಪು. ಹೊಲಕ್ಕೆ ಹಾಕಿದರೆ ಅದು ಉತ್ತಮ ಗೊಬ್ಬರ. ಆದರೆ ಆ ಪದದ ಮೊದಲ ಭಾಗವು ನೆನಪಿಗೆ ತರುವುದು ಸಿಡಿತವನ್ನು. ತೋಪಿನ ಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪೇ ಇರುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳು 1780ರ ಪೊಳ್ಳಿಲೂರಿನ ಯುದ್ಧದಲ್ಲಿಯೂ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಉರಿದದ್ದು ಈ ಮದ್ದಿನ ಬಲದಿಂದಲೇ.

ಹತ್ತೊಂಬತ್ತನೆಯ ಶತಮಾನದಲ್ಲಿ ನೈಟ್ರೇಷನ್ ಕ್ರಿಯೆಯು ಈ ಬಲವನ್ನು ಹಲವು ಪಟ್ಟು ಹೆಚ್ಚಿಸಿತು. ಶೋನ್‌ಬೈನ್ ಹತ್ತಿಯಿಂದ ಸಿಡಿಮದ್ದನ್ನು ಪಡೆದನು. ಇಟಲಿಯ ಸೊಬ್ರೇರೋ 1847ರಲ್ಲಿ ನೈಟ್ರೋಗ್ಲಿಸರಿನ್ನನ್ನು ತಯಾರಿಸಿದನು. ಅದನ್ನು ಹತೋಟಿಗೆ ತಂದು ನೊಬೆಲ್ 1867ರಲ್ಲಿ ಡೈನಮೈಟಿಗೆ ಏಕಸ್ವಾಮ್ಯ ಪಡೆದನು. ಡೈನಮೈಟ್ ಬಂಡೆಯನ್ನು ಒಡೆಯಿತು, ಸುರಂಗವನ್ನು ತೆರೆಯಿತು. ಅದೇ ಜಾತಿಯ ಪದಾರ್ಥಗಳು ರಣರಂಗದಲ್ಲಿ ಮನುಷ್ಯರನ್ನೂ ಒಡೆದವು.

1898ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್, ಚಿಲಿ ದೇಶದ ನೈಟ್ರೇಟು ಮುಗಿದರೆ ಗೋದಿ ತಿನ್ನುವ ಜನಾಂಗಗಳು ಹಸಿಯಬೇಕಾದೀತು, ಆದುದರಿಂದ ಗಾಳಿಯ ಸಾರಜನಕವನ್ನು ಹಿಡಿಯುವ ವಿಧಾನವನ್ನು ರಸಾಯನಶಾಸ್ತ್ರಜ್ಞರು ಹುಡುಕಬೇಕು ಎಂದು ಕರೆಕೊಟ್ಟನು. ಫ್ರಿಟ್ಸ್ ಹೇಬರ್ 1909ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಸಾಧಿಸಿ ತೋರಿಸಿದನು. ಕಾರ್ಲ್ ಬಾಷ್‌ನ ಯತ್ನದಿಂದ 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆ ಆರಂಭವಾಯಿತು. ಮರುವರ್ಷವೇ ಮಹಾಯುದ್ಧ. ಸಮುದ್ರಮಾರ್ಗವು ಮುಚ್ಚಿ ಚಿಲಿಯ ನೈಟ್ರೇಟು ಜರ್ಮನಿಗೆ ಬಾರದಾದಾಗ, ಹೊಲಗಳಿಗಾಗಿ ಹುಟ್ಟಿದ ಅಮೋನಿಯಾ ಸಿಡಿಮದ್ದಿನ ಕಾರ್ಖಾನೆಗಳಿಗೆ ಹರಿಯಿತು. 1921ರಲ್ಲಿ ಅದೇ ಓಪ್ಪೌವಿನಲ್ಲಿ ಗೊಬ್ಬರದ ರಾಶಿಯೇ ಸ್ಫೋಟಗೊಂಡು ಐನೂರಕ್ಕೂ ಹೆಚ್ಚು ಜನ ಮಡಿದರು. ಅದಾಗಿ ಸುಮಾರು ನೂರು ವರ್ಷಗಳ ಮೇಲೆ, 2020ರ ಆಗಸ್ಟಿನಲ್ಲಿ, ಬೇರೂತ್ ಬಂದರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟು ಸಿಡಿದು ಇನ್ನೂರಕ್ಕೂ ಹೆಚ್ಚು ಜನರ ಪ್ರಾಣವನ್ನು ತೆಗೆಯಿತು.

ಹೇಬರನ ಶೋಧವನ್ನು ಇಷ್ಟರಿಂದಲೇ ತೂಗುವುದು ನ್ಯಾಯವಲ್ಲ. ಇಂದಿನ ಜಗತ್ತಿನ ಸುಮಾರು ಅರ್ಧದಷ್ಟು ಜನರ ಆಹಾರವು ಈ ವಿಧಾನದಿಂದ ದೊರೆಯುವ ಗೊಬ್ಬರವನ್ನು ಅವಲಂಬಿಸಿದೆ ಎಂಬುದು ತಜ್ಞರ ಅಂದಾಜು. ನಮ್ಮ ನಾಡಿನಲ್ಲಿಯೂ ಇದಕ್ಕೆ ಬೇಗನೆ ಚಾಲನೆ ದೊರೆಯಿತು. ಅಮೋನಿಯಾವನ್ನು ಸಂಶ್ಲೇಷಿಸಿ ಗೊಬ್ಬರ ಮಾಡಿದ ಭಾರತದ ಮೊದಮೊದಲ ಕಾರ್ಖಾನೆಗಳಲ್ಲಿ ಕನ್ನಂಬಾಡಿಯ ಸಮೀಪದ ಬೆಳಗೊಳದ್ದೂ ಒಂದು. 1951ರಲ್ಲಿ ಬಿಹಾರದ ಸಿಂದ್ರಿಯ ದೊಡ್ಡ ಕಾರ್ಖಾನೆ ಉತ್ಪಾದನೆ ತೊಡಗಿತು. ಹಸಿವಿನ ಭಯವು ಕಡಿಮೆಯಾದದ್ದರಲ್ಲಿ ಇವುಗಳ ಪಾಲನ್ನು ಮರೆಯುವುದು ಕೃತಘ್ನತೆಯಾದೀತು.

ಮಿತಿಯ ಪ್ರಶ್ನೆ

ಆದರೆ ಅನ್ನಕ್ಕಾಗಿ ಸೇರಿಸಿದ ಸಾರಜನಕವೆಲ್ಲವೂ ಅನ್ನವಾಗುವುದಿಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆ. 45 ಕಿಲೋಗ್ರಾಮಿನ ಒಂದು ಚೀಲದಲ್ಲಿ ಸುಮಾರು 20.7 ಕಿಲೋಗ್ರಾಮು. ಜಗತ್ತಿನ ಒಟ್ಟು ಲೆಕ್ಕದಲ್ಲಿ, ಹೊಲಕ್ಕೆ ಸೇರಿಸಿದ ಸಾರಜನಕದ ಸುಮಾರು ಅರ್ಧಭಾಗ ಮಾತ್ರ ಬೆಳೆಗೆ ಸೇರುತ್ತದೆ. ಉಳಿದದ್ದರಲ್ಲಿ ಒಂದಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ಒಂದಷ್ಟು ನೈಟ್ರಸ್ ಆಕ್ಸೈಡ್ ಆಗಿ ವಾಯುಮಂಡಲವನ್ನು ಸೇರುತ್ತದೆ. ಭೂಮಿಯ ಕಾವನ್ನು ಹೆಚ್ಚಿಸುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ 250 ಪಟ್ಟಿಗೂ ಮೀರಿ ಸಮರ್ಥವಾದದ್ದು. ಮತ್ತೊಂದಷ್ಟು ನೈಟ್ರೇಟಾಗಿ ನೀರಿನೊಡನೆ ಇಳಿದು ಅಂತರ್ಜಲವನ್ನು ಮುಟ್ಟುತ್ತದೆ.

ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದೆಂದು ಭಾರತೀಯ ಮಾನಕವು ವಿಧಿಸಿದೆ. ತುಮಕೂರು ಜಿಲ್ಲೆಯೂ ಸೇರಿದಂತೆ ಕರ್ನಾಟಕದ ಅನೇಕ ಜಿಲ್ಲೆಗಳ ಕೆಲವು ಬಾವಿಗಳಲ್ಲಿ ಈ ಮಿತಿ ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ಪರೀಕ್ಷೆಗಳು ತೋರಿಸಿವೆ. ಇದಕ್ಕೆ ಗೊಬ್ಬರದೊಡನೆ ಊರಿನ ಚರಂಡಿ, ಕೊಟ್ಟಿಗೆಗಳ ಹೊಲಸೂ ಕಾರಣ. ಇಂಥ ನೀರಿನಿಂದ ಮಾಡಿದ ಹಾಲನ್ನು ಕುಡಿದ ಎಳೆಯ ಕೂಸುಗಳ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವುದನ್ನು 1945ರಲ್ಲಿ ಅಮೆರಿಕದ ವೈದ್ಯರೊಬ್ಬರು ಮೊದಲು ವರದಿಮಾಡಿದರು. ಆಗ ಕೂಸಿನ ಪಾಲಿಗೆ ಸಾರಜನಕವು ಮತ್ತೆ ಉಸಿರುಕಟ್ಟಿಸುವ ವಸ್ತುವೇ ಆಗುತ್ತದೆ.

ಇಲ್ಲಿ ಶ್ರಾವಕರ ಮನೆಗಳಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ನೀರನ್ನು ಬಟ್ಟೆಯಲ್ಲಿ ಸೋಸುವುದೂ ಕಾಯಿಸುವುದೂ ನಮ್ಮ ಪೂರ್ವಿಕರಿಂದ ಬಂದ ಸದಾಚಾರ. ಜೀವದಯೆಯೂ ಆರೋಗ್ಯವೂ ಅದರಲ್ಲಿವೆ. ಆದರೆ ನೈಟ್ರೇಟು ನೀರಿನಲ್ಲಿ ಪೂರ್ಣವಾಗಿ ಕರಗಿರುವುದರಿಂದ ಬಟ್ಟೆಯು ಅದನ್ನು ತಡೆಯಲಾರದು. ಕಾಯಿಸಿದರೆ ನೀರು ಆವಿಯಾಗಿ ನೈಟ್ರೇಟಿನ ಪ್ರಮಾಣವು ಇನ್ನಷ್ಟು ಹೆಚ್ಚುತ್ತದೆ. ಕೊಳವೆಬಾವಿಯ ನೀರನ್ನು ಬಳಸುವ ಮನೆಗಳಲ್ಲಿ ಹಸುಗೂಸಿದ್ದರೆ ನೀರನ್ನು ಪರೀಕ್ಷೆಗೆ ಕೊಡುವುದೇ ವಿವೇಕ.

ಗೊಬ್ಬರವೇ ಬೇಡವೆನ್ನುವುದು ಇದಕ್ಕೆ ಉತ್ತರವಲ್ಲ. ಯೂರಿಯಾಕ್ಕೆ ಬೇವಿನ ಎಣ್ಣೆಯನ್ನು ಲೇಪಿಸಿದರೆ ಮಣ್ಣಿನಲ್ಲಿ ನೈಟ್ರೀಕರಣವು ನಿಧಾನವಾಗಿ ನಡೆದು ಪೋಲಾಗುವುದು ಕಡಿಮೆಯಾಗುತ್ತದೆ. ದೇಶದಲ್ಲಿ ತಯಾರಾಗುವ ಯೂರಿಯಾ ಎಲ್ಲಕ್ಕೂ ಬೇವಿನ ಲೇಪವು 2015ರಲ್ಲಿ ಕಡ್ಡಾಯವಾಯಿತು. ಮಣ್ಣನ್ನು ಪರೀಕ್ಷೆ ಮಾಡಿಸಿ ಬೇಕಾದಷ್ಟನ್ನೇ ಹಾಕುವುದು, ಒಮ್ಮೆಗೇ ಸುರಿಯದೆ ಬೆಳೆಯ ಹಂತವನ್ನು ನೋಡಿ ಕಂತುಗಳಲ್ಲಿ ಕೊಡುವುದು, ಅಕ್ಕಡಿ ಸಾಲನ್ನೂ ಹೊಂಗೆಯ ಸೊಪ್ಪನ್ನೂ ಮರಳಿ ತರುವುದು, ಇವು ಯಾವ ರೈತನಿಗೂ ಅಸಾಧ್ಯವಾದ ಕಾರ್ಯಗಳಲ್ಲ.

ಪದದ ಹೊಣೆ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರಿಗೆ ಹೇಳಿದ ಅನರ್ಥದಂಡವ್ರತವನ್ನು ಇಲ್ಲಿ ನೆನೆಯುವುದು ಉಚಿತ. ಪ್ರಯೋಜನವಿಲ್ಲದೆ ಜೀವಿಗಳಿಗೆ ಒದಗಿಸುವ ಪೀಡೆಯೇ ಅನರ್ಥದಂಡ. ಅದರ ಐದು ಬಗೆಗಳಲ್ಲಿ ಹಿಂಸಾದಾನವೂ ಒಂದು. ಹಿಂಸೆಗೆ ಸಾಧನವಾಗುವ ವಸ್ತುಗಳನ್ನು ಪರರಿಗೆ ಒದಗಿಸುವುದೆಂದು ಅದರ ಅರ್ಥ. ಖಡ್ಗದೊಡನೆ ಗುದ್ದಲಿಯನ್ನೂ ಬೆಂಕಿಯನ್ನೂ ಆಚಾರ್ಯರು ಅಲ್ಲಿ ಎಣಿಸಿದ್ದಾರೆ. ಗುದ್ದಲಿಯಿಲ್ಲದೆ ಬೇಸಾಯವಿಲ್ಲ, ಬೆಂಕಿಯಿಲ್ಲದೆ ಅಡುಗೆಯಿಲ್ಲವೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಗೃಹಸ್ಥನು ಆರಂಭಹಿಂಸೆಯನ್ನು ಪೂರ್ಣವಾಗಿ ಬಿಡಲಾರನೆಂದು ಶಾಸ್ತ್ರವು ಒಪ್ಪುತ್ತದೆ. ಅದು ಕೇಳುವುದು ಇಷ್ಟೇ: ಈ ವಸ್ತು ಯಾರ ಕೈಗೆ ಹೋಗುತ್ತದೆ, ಯಾವುದಕ್ಕಾಗಿ ಹೋಗುತ್ತದೆ, ಬೇಕಾದಷ್ಟೇ ಹೋಗುತ್ತದೆಯೆ?

ಸಾರಜನಕವನ್ನು ಸೇರಿಸುವ ಕ್ರಿಯೆಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಅಮೋನಿಯಂ ನೈಟ್ರೇಟನ್ನು ದಾಸ್ತಾನು ಮಾಡಲು, ಮಾರಲು ಪರವಾನಗಿ ಬೇಕೆಂದು ಭಾರತ ಸರ್ಕಾರವು 2012ರಲ್ಲಿ ನಿಯಮಗಳನ್ನು ಮಾಡಿತು. ಅದು ಕಾನೂನಿನ ಕಾವಲು. ಬೆಳೆಯು ಹೀರಲಾರದ ಅರ್ಧ ಚೀಲವನ್ನು ಹೊಲಕ್ಕೆ ಸುರಿಯುವವನನ್ನು ಯಾವ ಕಾನೂನೂ ಹಿಡಿಯುವುದಿಲ್ಲ. ಆದರೆ ಆ ಅರ್ಧ ಚೀಲದಿಂದ ಬೆಳೆಗೆ ಲಾಭವಿಲ್ಲ, ರೈತನಿಗೆ ಲಾಭವಿಲ್ಲ. ಮಣ್ಣಿನ ಜೀವಿಗಳಿಗೂ ನೆರೆಯವರ ಬಾವಿಗೂ ಅದರಿಂದ ಪೀಡೆಯುಂಟು. ಅನರ್ಥದಂಡವೆಂಬ ಪ್ರಾಚೀನ ಪದಕ್ಕೆ ನಮ್ಮ ಕಾಲದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಗೊಬ್ಬರದ ವ್ಯಾಪಾರದಲ್ಲಿರುವವರು ಚೀಲದೊಡನೆ ಅದರ ಮಿತಿಯನ್ನೂ ತಿಳಿಸಿ ಕೊಟ್ಟರೆ ಅದೂ ವ್ರತಪಾಲನೆಯೇ.

ನಿರ್ಜೀವವೆಂದ ಫ್ರೆಂಚರೂ ತಪ್ಪು ಹೇಳಲಿಲ್ಲ, ಸಾರವನ್ನು ಹುಟ್ಟಿಸುವುದೆಂದ ಕನ್ನಡಿಗರೂ ತಪ್ಪು ಹೇಳಲಿಲ್ಲ. ವಸ್ತುವಿನಲ್ಲಿ ಎರಡೂ ಸಾಧ್ಯತೆಗಳಿವೆ. ಶಿಂಷೆಯ ನೀರುಂಡ ಹೊಲಗಳಿಗೂ ಅವುಗಳ ಪಕ್ಕದ ಬಾವಿಗಳಿಗೂ ಸಾರಜನಕವೆಂಬ ನಮ್ಮ ಹೆಸರು ಸಾರ್ಥಕವಾಗುವುದು, ಸೇರಿಸುವವನು ಅಳತೆಯನ್ನು ಅರಿತಾಗ ಮಾತ್ರ.